ಬೇರೆಯವರ ಎಡ ಚಪ್ಪಲಿ

ಇಳಕಲ್ಲಿನ ನಮ್ಮ ಮನೆಗೆ ನೀವು ಯಾವತ್ತಾದರೂ ಬಂದರೆ ಹೊಸ್ತಿಲು ದಾಟುವ ಮುನ್ನ ಬಾಗಿಲ ಬಲಮೂಲೆಯನ್ನು ಒಮ್ಮೆ ನೋಡಿ. ಅಲ್ಲಿ ಹೆಂಗಸರದೊಂದು ಜೋಡಿ ಚಪ್ಪಲಿ ಇರುತ್ತದೆ. ಜೋಡಿ ಎಂದು ನಾನು ಔದಾರ್ಯದಿಂದ ಹೇಳುತ್ತಿದ್ದೇನೆ. ಬಲಗಾಲಿನದು ಕಪ್ಪು, ಹಿಮ್ಮಡಿ ಸವೆದದ್ದು, ನನ್ನದೇ. ಎಡಗಾಲಿನದು ಕಂದು, ಪಕ್ಕದಲ್ಲೊಂದು ಹಿತ್ತಾಳೆ ಬಣ್ಣದ ಬಕಲ್ಲು, ಅಳತೆಯಲ್ಲಿ ಒಂದು ನಂಬರು ಸಣ್ಣದು, ಯಾರದೋ. ಬಂದವರು ಮೊದಲು ಚಪ್ಪಲಿಯನ್ನೂ ಆಮೇಲೆ ನನ್ನ ಮುಖವನ್ನೂ ನೋಡಿ, ಮರ್ಯಾದಸ್ಥರಾದ್ದರಿಂದ ಏನೂ ಕೇಳದೆ ಚಹಾ ಕುಡಿದು ಹೋಗುತ್ತಾರೆ. ನೀವು ಸ್ನೇಹಿತರು, ಕೇಳದಿದ್ದರೂ ಹೇಳುತ್ತೇನೆ.

ನಾನು ಸೀರೆ ನೇಯುವವಳು. ಹನ್ನೆರಡನೆಯ ತರಗತಿಗೆ ಕಾಲೇಜು ನನ್ನನ್ನು ಬಿಟ್ಟಿತು, ಪುಸ್ತಕ ಬಿಡಲಿಲ್ಲ. ಮಗ್ಗದ ಪಕ್ಕದ ಗೂಡಿನಲ್ಲಿ ಎಣ್ಣೆಯ ಬಾಟಲಿಯ ಜೊತೆಗೆ ಗ್ರಂಥಾಲಯದ ಪುಸ್ತಕವೊಂದು ಸದಾ ಸಂಸಾರ ಮಾಡಿಕೊಂಡಿರುತ್ತದೆ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೊಡೆ ಮುಳುಗುವಷ್ಟು ಆಳದ ತಗ್ಗು, ಅದರ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟರೆ ತಳದಲ್ಲಿ ಎರಡು ಹಲಗೆ. ಎಡಗಾಲಿನಿಂದ ಒಂದನ್ನು ತುಳಿದರೆ ಹಾಸಿನ ಅರ್ಧ ಎಳೆಗಳು ಮೇಲೆದ್ದು ಲಾಳಿಗೆ ದಾರಿ ಬಿಡುತ್ತವೆ, ಬಲಗಾಲಿನಿಂದ ಇನ್ನೊಂದನ್ನು ತುಳಿದರೆ ಉಳಿದರ್ಧ ಏಳುತ್ತವೆ. ಹೀಗೆ ಎಡ, ಬಲ, ಎಡ, ಬಲ ಎನ್ನುತ್ತ ನಾನು ಮೂವತ್ತು ವರ್ಷಗಳಲ್ಲಿ ಕುಳಿತಲ್ಲೇ ನಡೆದ ದಾರಿ ಹುನಗುಂದ, ಬಾದಾಮಿಗಳನ್ನು ದಾಟಿ ಎಲ್ಲಿಗೆ ಮುಟ್ಟುತ್ತಿತ್ತೋ ಏನೋ. ಅಷ್ಟು ನಡೆದರೂ ಆ ಕಾಲುಗಳನ್ನು ನಾನು ನೋಡಿದ್ದಿಲ್ಲ. ಕಣ್ಣು ದಡಿಯ ಮೇಲೆ, ಕೈ ಲಾಳಿಯ ಮೇಲೆ, ಕಾಲು ಕೆಳಗೆ ಕತ್ತಲಲ್ಲಿ ತನ್ನ ಪಾಡಿಗೆ ತಾನು.

ಆ ಬಾಗಿ ಕುಳಿತ ವರ್ಷಗಳೆಲ್ಲ ಒಂದು ದಿನ ಸೊಂಟದಲ್ಲಿ ಸಭೆ ಸೇರಿದವು. ಬೆನ್ನುಮೂಳೆಯ ಕೆಳತುದಿಯಲ್ಲಿ ಬಿಲ್ಲೆಯೊಂದು ಸರಿದು ನರವನ್ನು ಅದುಮಿತ್ತಂತೆ. ನೋವು ಸೊಂಟದಲ್ಲಿ ಹುಟ್ಟಿ, ಎಡ ಮೀನಖಂಡದ ಹೊರಬದಿಗೆ ಇಳಿದು, ಕಿರುಬೆರಳ ತುದಿಗೆ ಹೋಗಿ ಕೂರುತ್ತಿತ್ತು. ಕೂರಲೂ ಆಗದೆ, ನಿಲ್ಲಲೂ ಆಗದೆ, ನಾನು ಗೋಡೆಗೆ ಒರಗಿಕೊಂಡೇ ಊಟ ಮಾಡಿದ ತಿಂಗಳುಗಳಿವೆ. ಕೊನೆಗೆ ದಸರೆ ಮುಗಿದ ಮೇಲೆ ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಮರುದಿನ ಎಬ್ಬಿಸಿ ನಿಲ್ಲಿಸಿದಾಗ ನೋವು ಇರಲಿಲ್ಲ. ಹುಡುಕಿದೆ, ಖರೆಯಾಗಿಯೂ ಇರಲಿಲ್ಲ. ಆನಂದಕ್ಕೆ ಅತ್ತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಮದುವೆಯಲ್ಲಿ ಅತ್ತದ್ದು ಲೆಕ್ಕಕ್ಕಿಲ್ಲ.

ಮೂರನೆಯ ದಿನ ಅತ್ತೆ ಸೆರಗಿನ ಗಂಟು ಬಿಚ್ಚಿ, ಆಪರೇಷನ್ನಿಗೆ ಮುಂಚೆ ತೆಗೆಸಿದ್ದ ಕಾಲುಂಗುರಗಳನ್ನು ನನ್ನ ಬೆರಳಿಗೆ ತೊಡಿಸಿದರು. ಬಲಗಾಲಿಗೆ ಬೆಳ್ಳಿಯ ತಂಪು ತಾಕಿತು. ಎಡಗಾಲಿಗೆ ಯಾವಾಗ ತೊಡಿಸುತ್ತೀರಿ ಎಂದು ಕೇಳಿದೆ. ತೊಡಿಸಿ ಆಗಲೇ ಕೈ ಒರೆಸಿಕೊಳ್ಳುತ್ತಿದ್ದ ಅವರು ನನ್ನ ಮುಖ ನೋಡಿದರು, ನಾನು ನನ್ನ ಕಾಲು ನೋಡಿದೆ. ಉಂಗುರ ಅಲ್ಲಿತ್ತು. ಮೀನಖಂಡದ ಹೊರಬದಿಯಿಂದ ಕಿರುಬೆರಳವರೆಗೆ, ಉಂಗುರ ತೊಟ್ಟ ಬೆರಳು, ಅಂಗಾಲಿನ ಅಂಚು, ಹಿಮ್ಮಡಿ, ಇಷ್ಟೂ ಜಾಗ ನನ್ನದಾಗಿರಲಿಲ್ಲ.

ಡಾಕ್ಟರು ಒಳ್ಳೆಯವರು, ಸುಳ್ಳು ಸಮಾಧಾನ ಹೇಳಲಿಲ್ಲ. "ನೋಡ್ರಿ ಅಕ್ಕಾರ, ನರ ಭಾಳ ದಿನ ಒತ್ತಿಸ್ಕೊಂಡು ಬಿದ್ದಿತ್ತು. ಬ್ಯಾನಿ ಹೋಗೇತಿ, ಅದು ದೊಡ್ಡದು. ಸ್ಪರ್ಶ ಬರಾಕ ವ್ಯಾಳ್ಯಾ ಹಿಡೀತೈತಿ. ಪೂರಾ ಬರತೈತೇನು ಅಂತ ಕೇಳಬ್ಯಾಡ್ರಿ, ಅದು ನನಗೂ ಗೊತ್ತಿಲ್ಲ" ಎಂದರು. ಮೂರು ತಿಂಗಳು ಮಗ್ಗಕ್ಕೆ ಕೂರಬಾರದು, ದಿನವೂ ನಡೆಯಬೇಕು, ಬಿಸಿನೀರನ್ನು ಕೈಯಿಂದ ನೋಡದೆ ಕಾಲಿಗೆ ಹಾಕಬಾರದು, ಸಂಜೆಗೊಮ್ಮೆ ಅಂಗಾಲನ್ನು ತಿರುವಿ ಮುಳ್ಳು, ಗಾಯ ಏನಾದರೂ ಇದೆಯೇ ನೋಡಬೇಕು ಎಂದೂ ಹೇಳಿದರು.

ಜೋಮು ಹಿಡಿಯುವುದು ನಿಮಗೂ ಗೊತ್ತಿದೆ. ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದರೆ ಕಾಲು ಒಂದು ಗಳಿಗೆ ಸತ್ತು, ಮರುಗಳಿಗೆ ಸಾವಿರ ಇರುವೆಗಳೊಂದಿಗೆ ಎದ್ದು ಬರುತ್ತದೆ. ನನ್ನದು ಏಳದ ಜೋಮು. ಅದು ನೋವಲ್ಲವಾದ್ದರಿಂದ ಯಾರಿಗೂ ಹೇಳಿಕೊಳ್ಳುವಂತಿಲ್ಲ. ನೋವಿದ್ದಾಗ ಓಣಿಯ ಹೆಂಗಸರು ದಿನಕ್ಕೊಬ್ಬರು ಬಂದು ತಮ್ಮ ತಮ್ಮ ಎಣ್ಣೆಯ ಹೆಸರು ಹೇಳಿ ಹೋಗುತ್ತಿದ್ದರು. ಏನೂ ಆಗುತ್ತಿಲ್ಲ ಎಂಬುದೇ ನನ್ನ ರೋಗ ಎಂದರೆ ಯಾರು ತಾನೆ ಕನಿಕರಪಟ್ಟಾರು? ನೋವು ಹೋದದ್ದಕ್ಕೆ ದೇವರಿಗೆ ಕಾಯಿ ಒಡೆಸಿದವಳು ಈಗ ಬಚ್ಚಲಲ್ಲಿ ಕುಳಿತು ಪಾದದ ಅಂಚನ್ನು ಉಗುರಿನಿಂದ ಚಿವುಟುತ್ತ, ಸ್ವಲ್ಪವಾದರೂ ನೋಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮನುಷ್ಯರ ಬೇಡಿಕೆಗಳನ್ನು ಕೇಳಿ ಕೇಳಿ ದೇವರಿಗೆ ತಲೆ ಚಿಟ್ಟು ಹಿಡಿಯುವುದು ಸಹಜವೇ.

ಸಂಕ್ರಾಂತಿ ಕಳೆದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಕುಣಿಗೆ ಇಳಿದೆ. ಬಲಗಾಲು ತನ್ನ ಹಲಗೆಯನ್ನು ತಾನೇ ಹುಡುಕಿಕೊಂಡಿತು. ಎಡಗಾಲು ಹಲಗೆಯ ಮೇಲಿದೆಯೋ ಪಕ್ಕದ ಮಣ್ಣಿನ ಮೇಲಿದೆಯೋ ನನಗೆ ತಿಳಿಯಲಿಲ್ಲ. ಒಮ್ಮೆ ಅರ್ಧ ತುಳಿಯಿತು, ಒಮ್ಮೆ ತುಳಿದದ್ದನ್ನು ಬಿಡಲೇ ಇಲ್ಲ. ಒಂದೇ ಸಂದಿನಲ್ಲಿ ಎರಡೆರಡು ಹೊಕ್ಕಿನ ಎಳೆ ಬಿದ್ದು, ಗೇಣು ಬಟ್ಟೆಯಲ್ಲಿ ಏಳೆಂಟು ಕಡೆ ಗೆರೆ ಎದ್ದವು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆದರೆ ಐವತ್ತು ವರ್ಷ ನೇಯ್ದವರು. ಪಡಸಾಲೆಯಲ್ಲಿ ಕುಳಿತು ಕಂಡಿಕೆಗೆ ನೂಲು ಸುತ್ತುತ್ತಿದ್ದವರು ಚರಕ ನಿಲ್ಲಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನಾನು ಲಾಳಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟೆ. ಈ ಸಲ ಆನಂದಕ್ಕಲ್ಲ.

ನಮ್ಮ ಮನೆಯವರು ಪಕ್ಕದ ಓಣಿಯ ಪವರ್‌ಲೂಮಿನಲ್ಲಿ ದುಡಿಯುತ್ತಾರೆ, ಮಾತು ಕಡಿಮೆ, ಮಮತೆ ಜಾಸ್ತಿ. ಅಂದು ಸಂಜೆ ಅವರು ನನ್ನನ್ನು ಕುಣಿಯಿಂದ ಎತ್ತಿ ಕೂರಿಸಿ, ಇನ್ನು ಸಾಕು, ಇದನ್ನು ಮುಚ್ಚಿಸಿ ನೆಲ ಸಪಾಟು ಮಾಡಿಸುತ್ತೇನೆ, ನೀನು ಮೇಲೆ ಕುಳಿತು ಸೀರೆಗೆ ಗೊಂಡೆ ಕಟ್ಟಿಕೊಂಡಿರು ಎಂದರು. ವಾರದಲ್ಲಿ ಕುಣಿ ತುಂಬಲು ಒಂದು ಟ್ರ್ಯಾಕ್ಟರ್ ಗರಸುಮಣ್ಣು ಬಂದು ನಮ್ಮ ಬಾಗಿಲ ಮುಂದೆ ಗುಡ್ಡೆಯಾಗಿ ಕುಳಿತಿತು. ಪ್ರೀತಿ ಎಂಬುದು ಟ್ರ್ಯಾಕ್ಟರಿನಲ್ಲಿ ಬರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಮತ್ತು ಅದರ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದೂ ಇರಲಿಲ್ಲ. ಅತ್ತೆ ನಡುವೆ ಬಂದು, ಯುಗಾದಿಯವರೆಗೆ ಕುಣಿಯನ್ನು ಮುಟ್ಟಬೇಡ, ಆಮೇಲೆ ನಿನ್ನ ಮನಸ್ಸು ಎಂದು ಮಗನಿಗೆ ಹೇಳಿದರು. ಹಾಗಾಗಿ ನನಗೆ ಯುಗಾದಿಯವರೆಗೆ ಸಮಯ ಸಿಕ್ಕಿತು, ಗರಸಿಗೂ ಸಿಕ್ಕಿತು.

ಚಪ್ಪಲಿಯ ಕತೆ ಬರುವುದು ಇಲ್ಲಿ. ಅತ್ತೆಗೆ ಶಿವಯೋಗ ಮಂದಿರಕ್ಕೆ ಹೋಗಬೇಕಿತ್ತು. ನಡೆಯುವುದೂ ಆಗುತ್ತದೆಂದು ನಾನೂ ಹೊರಟೆ. ಗದ್ದುಗೆಯ ದರ್ಶನ ಮುಗಿಸಿ, ಪ್ರಸಾದ ಉಂಡು, ಮಲಪ್ರಭೆಯ ದಂಡೆಯಲ್ಲಿ ಸ್ವಲ್ಪ ಕುಳಿತು, ಹೊರಗೆ ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ಕಾಲು ತೂರಿಸಿ ಟಂಟಂ ಆಟೋ ಹತ್ತಿ ಬಾದಾಮಿಗೆ ಬಂದೆವು. ಬಸ್ ನಿಲ್ದಾಣದ ಕಲ್ಲುಹಾಸಿನ ಮೇಲೆ ನಡೆಯುತ್ತಿದ್ದಾಗ, ನನ್ನ ತೋಳು ಹಿಡಿದಿದ್ದ ಅತ್ತೆ ನಿಂತರು.

"ನಿನ್ನ ಎರಡು ಚಪ್ಪಲಿ ಸಪ್ಪಳಾ ಬ್ಯಾರೆ ಬ್ಯಾರೆ ಐತಲ್ಲ" ಎಂದರು.

ಕೆಳಗೆ ನೋಡಿದೆ. ಬಲಗಾಲಲ್ಲಿ ನನ್ನದು, ಎಡಗಾಲಲ್ಲಿ ಯಾರದೋ ಕಂದು ಬಣ್ಣದ್ದು, ಹಿಮ್ಮಡಿ ಅರ್ಧ ಬೆರಳು ಹೊರಗೆ ಚಾಚಿಕೊಂಡಿದೆ. ಅತ್ತ ಶಿವಯೋಗ ಮಂದಿರದಲ್ಲಿ ಒಬ್ಬ ಹೆಣ್ಣುಮಗಳು ಇನ್ನುಳಿದ ಚಪ್ಪಲಿಗಳ ನಡುವೆ ನಿಂತು ನನಗೆ ಶಾಪ ಹಾಕುತ್ತಿರಬಹುದು. ಬೇರೆ ದಾರಿಯಿಲ್ಲದೆ ನನ್ನ ಎಡಗಾಲಿನದಕ್ಕೆ ಕಾಲು ಹಾಕಿ, ಮೊದಲ ಹೆಜ್ಜೆಗೇ ಇದು ನನ್ನದಲ್ಲ ಎಂದುಕೊಂಡಿರಬಹುದು. ಆ ಮೊದಲ ಹೆಜ್ಜೆಯ ತಿಳಿವಳಿಕೆಯನ್ನು ನೆನೆದು ನನಗೆ ಹೊಟ್ಟೆಕಿಚ್ಚಾಯಿತು. ನಾನು ಅಷ್ಟು ದೂರ ಬಂದರೂ ನನ್ನದು ಯಾವುದು, ಪರರದು ಯಾವುದು ಎಂದು ಕಾಲಿಗೆ ತಿಳಿಯಲಿಲ್ಲ. ಹೊರಡಲು ಸಿದ್ಧವಾಗಿದ್ದ ಇಳಕಲ್ಲಿನ ಬಸ್ಸಿನ ಮುಂದೆ ನಿಂತು, ಕುಣಿ ಮುಚ್ಚಿಸುವುದೇ ಸರಿ ಎಂದು ಅತ್ತೆಗೆ ಹೇಳಿದೆ.

ಅವರು ನನ್ನನ್ನು ಬಸ್ಸು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಆಮೇಲೆ ಉತ್ತರ ಕೊಟ್ಟರು: "ಇರಲಿ, ಅದನ್ನ ಒಗೀಬ್ಯಾಡ. ಓಣ್ಯಾಗ ಅಷ್ಟ ಹಾಕ್ಕೊ. ಸಣ್ಣದು ಐತಲ್ಲ, ಒಂದಿನ ಕಚ್ಚತೈತಿ. ಕಚ್ಚಿದ ದಿವಸ ನನಗ ಹೇಳು."

ಇದನ್ನು ಓದಿ ನೀವು ಜೋಮು ಹಿಡಿದ ಕಾಲಿಗೆ ಬಿಗಿ ಚಪ್ಪಲಿ ಹಾಕೀರಿ, ಜೋಕೆ. ವಿಷಯ ತಿಳಿದ ಡಾಕ್ಟರು ಚೆನ್ನಾಗಿಯೇ ಬೈದರು. ಮನೆಯವರು ಹಿಮ್ಮಡಿಗೆ ಪಟ್ಟಿಯಿರುವ ಹೊಸ ಜೋಡಿ ತಂದರು, ಬಜಾರಕ್ಕೆ, ನಡಿಗೆಗೆ ಅದೇ. ಆದರೆ ನಲ್ಲಿಗೆ, ಪಕ್ಕದ ಹಿಟ್ಟಿನ ಗಿರಣಿಗೆ ಮಾತ್ರ ನಾನು ಕದ್ದು ಆ ಬೇರೆಯವರ ಚಪ್ಪಲಿಯನ್ನು ಮೆಟ್ಟುತ್ತಿದ್ದೆ. ಅದಕ್ಕೊಂದು ದಂಡವೂ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ನನ್ನ ಎಡಪಾದವನ್ನು ತಮ್ಮ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಕಣ್ಣು ಕಾಣದ್ದರಿಂದ ಬೆರಳುಗಳಿಂದಲೇ ಇಂಚಿಂಚು ತಡವಿ, ಸೀಳು, ಗುಳ್ಳೆ, ಮುಳ್ಳು ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕುಸುಬಿ ಎಣ್ಣೆ ಸವರುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಹಬ್ಬಕ್ಕೊಮ್ಮೆ ನಾನು ಮುಟ್ಟಿ ನಮಸ್ಕರಿಸುವ ಕಾಲು ಅವರದು. ಸೊಸೆಯ ಕಾಲು ಅತ್ತೆಯ ತೊಡೆಯ ಮೇಲಿರುವುದನ್ನು ಓಣಿಯವರು ನೋಡಿದರೆ ಏನೆಂದಾರು ಎಂದು ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ಮೊದಮೊದಲು ನಾಚಿಕೆಯಿಂದ ಮೈ ಹಿಡಿಯಾಗುತ್ತಿತ್ತು. ನನ್ನನ್ನು ಇಷ್ಟು ಜೋಪಾನವಾಗಿ ಯಾರೋ ಮುಟ್ಟುತ್ತಿದ್ದಾರೆ, ಅದೊಂದೇ ಕಡೆ ನನಗೆ ಗೊತ್ತಾಗುತ್ತಿಲ್ಲ ಎಂಬ ಸಂಕಟ ಆಮೇಲೆ ಬಂತು.

ಮಗ್ಗಕ್ಕೂ ಅವರೇ ದಾರಿ ತೋರಿದರು. ಕಾಲನ್ನು ಹುಡುಕಬೇಡ, ಸಪ್ಪಳ ಕೇಳು ಎಂದರು. ಹಲಗೆ ಪೂರಾ ತಳ ಮುಟ್ಟಿದರೆ ಒಂದು ದಪ್ಪ ಸದ್ದು, ಅರ್ಧಕ್ಕೆ ನಿಂತರೆ ಹಗ್ಗದ ಕಿರುಗುಟ್ಟು, ಬಿಟ್ಟಾಗ ಮೇಲಿನ ಕಟ್ಟಿಗೆಯಲ್ಲೊಂದು ಟಕ್ಕು. ಮೂವತ್ತು ವರ್ಷ ಕಿವಿಯ ಮೇಲೆ ಬಿದ್ದಿದ್ದ ಇವನ್ನು ನಾನು ಕೇಳಿಸಿಕೊಂಡಿರಲಿಲ್ಲ. ದಿನಕ್ಕೆ ಒಂದು ಗೇಣು, ಆಮೇಲೆ ಒಂದು ಮೊಳ. ನಡುನಡುವೆ ಎದ್ದು ಅಡ್ಡಾಡುವುದು, ಮತ್ತೆ ಕೂರುವುದು. ತಪ್ಪಿದಾಗ ಪಡಸಾಲೆಯ ಚರಕ ನಿಲ್ಲುತ್ತಿತ್ತು, ನಾನು ಬಿಚ್ಚುತ್ತಿದ್ದೆ; ಚರಕ ಮತ್ತೆ ಸುತ್ತತೊಡಗಿದರೆ ಸರಿಯಾಯಿತೆಂದು ಅರ್ಥ. ಮೈಯಲ್ಲಿ ಸರಿಯಾಗಿ ಕೆಲಸ ಮಾಡುವ ಅಂಗವನ್ನು ನಾವು ವಿಚಾರಿಸುವುದೇ ಇಲ್ಲವಲ್ಲ, ಸ್ನೇಹಿತರೇ. ನನ್ನ ಎಡಗಾಲು ಕೆಟ್ಟ ಮೇಲೆಯೇ ನಾನು ಅದರ ಯೋಗಕ್ಷೇಮ ಕೇಳಿದ್ದು. ಮನೆಯ ಮನುಷ್ಯರ ವಿಷಯದಲ್ಲೂ ಇದೇ ಅಪರಾಧ ಮಾಡಿದ್ದೆನೆಂದು ಅತ್ತೆಯ ಎಣ್ಣೆಗೈಯನ್ನು ನೋಡುತ್ತ ಹೊಳೆಯಿತು.

ಯುಗಾದಿಗೆ ಇನ್ನು ಆರು ದಿನ. ಹೋಳಿಗೆಗೆ ಕಡಲೆಬೇಳೆ ಹಸನು ಮಾಡಿಟ್ಟು, ಗೋದಿ ಬೀಸಿಸಿಕೊಂಡು ಗಿರಣಿಯಿಂದ ಬರುತ್ತಿದ್ದೆ. ತಲೆಯಲ್ಲಿ ಹಬ್ಬದ ನೂರೆಂಟು ಕೆಲಸ. ಗರಸಿನ ಗುಡ್ಡೆಯ ಹತ್ತಿರ ಬಂದಾಗ ಎಡಗಾಲಿನ ಕಿರುಬೆರಳ ಬದಿ ಏನೋ ಚುರ್ ಎಂದಿತು. ಈ ಚಪ್ಪಲಿಗೆ ಏನಾಯಿತು, ನೀರಿಗೆ ಬಿದ್ದು ಬಿಗಿಯಾಯಿತೋ ಏನೋ ಎಂದು ಗೊಣಗುತ್ತ ಇನ್ನೆರಡು ಹೆಜ್ಜೆ ಇಟ್ಟೆ. ಮತ್ತೆ ಚುರ್ ಎಂದಿತು. ಆಗ ತಿಳಿಯಿತು. ಹಿಟ್ಟಿನ ಡಬ್ಬಿಯನ್ನು ಗರಸಿನ ಮೇಲಿಟ್ಟು, ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಓಣಿಯ ನಡುವೆ ಒಂಟಿಕಾಲಲ್ಲಿ ನಿಂತು ನೋಡಿದೆ. ಬೆರಳ ಬುಡದಲ್ಲಿ ಕೆಂಪಗೆ ಒಂದು ಗೆರೆ. ಉರಿಯುತ್ತಿತ್ತು. ಅಷ್ಟು ಸಣ್ಣ ಉರಿಗೆ ಅಷ್ಟು ದೊಡ್ಡ ಹೆಂಗಸು ಬೀದಿಯಲ್ಲಿ ನಗುವುದನ್ನು ಎದುರುಮನೆಯವರು ಕಂಡಿರಲಿಕ್ಕಿಲ್ಲ.

"ಅತ್ತೀ, ಕಚ್ಚಿತ್ರಿ" ಎಂದೆ ಒಳಗೆ ಬಂದು.

ಅವರು ಚರಕ ಸರಿಸಿ ಕಾಲು ಚಾಚಿದರು. ಕಣ್ಣು ಮುಚ್ಚಲು ಹೇಳಿ, ಉಗುರಿನಿಂದ ಅಲ್ಲಲ್ಲಿ ಒತ್ತುತ್ತ ಹೋದರು. ಹಿಮ್ಮಡಿ ಈಗಲೂ ಮೂಕವಾಗಿತ್ತು. ಅಂಗಾಲಿನ ಅಂಚಿನಲ್ಲಿ ಏನೋ ಮಸುಕು. ಕಿರುಬೆರಳ ಬುಡಕ್ಕೆ ಬಂದಾಗ ಇಲ್ಲೇ ಎಂದು ನಾನೇ ಹೇಳಿದೆ. ಅವರ ಬೆರಳು ಎಷ್ಟು ಒರಟು, ತುದಿಗಳು ನೂಲು ಎಳೆದೆಳೆದು ಎಷ್ಟು ಸೀಳಿವೆ ಎಂಬುದು ಆ ಬೇಳೆಯಷ್ಟು ಜಾಗಕ್ಕೆ ಮೊದಲ ಬಾರಿಗೆ ಗೊತ್ತಾಯಿತು. ಇಬ್ಬರೂ ಅತ್ತೆವು, ಬಾಗಿಲು ತೆರೆದೇ ಇತ್ತು.

ಕುಣಿ ಮುಚ್ಚಲಿಲ್ಲ. ಮನೆಯವರು ಹಬ್ಬದ ಮುಂಚೆ ಆ ಗರಸನ್ನೆಲ್ಲ ಎಳೆದು ಬಾಗಿಲ ಮುಂದಿನ ರಸ್ತೆಯ ತಗ್ಗುಗಳಿಗೆ ತುಂಬಿಸಿದರು. ಓಣಿಯವರು ನಮ್ಮನ್ನು ಪರೋಪಕಾರಿಗಳೆಂದು ತಿಳಿದುಕೊಂಡಿದ್ದಾರೆ, ನಾವು ತಿದ್ದಲು ಹೋಗಿಲ್ಲ. ಹಿಮ್ಮಡಿಯ ಜೋಮು ಇನ್ನೂ ಇದೆ, ಬಹುಶಃ ನನ್ನ ಜೊತೆಗೇ ಇರುತ್ತದೆ. ಅದಕ್ಕಾಗಿ ಹಲಗೆಯ ಸಪ್ಪಳ ಕೇಳುತ್ತಲೇ ನೇಯುತ್ತೇನೆ. ಮೊನ್ನೆ ಗೋಮಿ ದಡಿಯ ಸೀರೆಯೊಂದು ಪೂರಾ ಮುಗಿಯಿತು, ಉದ್ದಕ್ಕೂ ಹುಡುಕಿದರೂ ಗೆರೆ ಸಿಗಲಿಲ್ಲ.

ಆದ್ದರಿಂದ ಬಾಗಿಲ ಮೂಲೆಯ ಆ ಬೇಜೋಡಿಯನ್ನು ಕಂಡು ಬೆರಗಾಗಬೇಡಿ. ಈಗ ಅದನ್ನು ಮೆಟ್ಟಿ ಎಲ್ಲಿಗೂ ಹೋಗುವುದಿಲ್ಲ; ಬೆಳಿಗ್ಗೆ ಅಂಗಳ ಗುಡಿಸಿದ ಮೇಲೆ ಒಮ್ಮೆ ಕಾಲು ತೂರಿಸಿ, ಕಚ್ಚಿತೆಂದು ಖಾತ್ರಿಯಾದ ಕೂಡಲೇ ಕಳಚಿಡುತ್ತೇನೆ. ಶಿವಯೋಗ ಮಂದಿರದಲ್ಲಿ ಅಂದು ನನ್ನ ಚಪ್ಪಲಿ ಮೆಟ್ಟಿಕೊಂಡು ಹೋದ ತಾಯಿ ಎಲ್ಲಿದ್ದಾಳೋ ತಿಳಿಯದು. ನನ್ನದು ಅವಳಿಗೆ ಸಡಿಲಾಗಿ ತೊಂದರೆಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಲಿ. ಅವಳದು, ದೇವರ ದಯೆಯಿಂದ, ನನಗೆ ಬಿಗಿಯಾಗಿದೆ.