ಬಾಗಿಲಿಲ್ಲದ ಚಿಲಕ

ನನ್ನ ಮೇಜಿನ ಮೇಲೆ ಒಂದು ಚಿಲಕವಿದೆ. ಕಬ್ಬಿಣದ್ದು, ಬೆರಳುದ್ದದ್ದು. ಯಾವ ಬಾಗಿಲಿಗೂ ಸೇರದ ಈ ಚಿಲಕ ಸದ್ಯಕ್ಕೆ ನನ್ನ ನೋಟ್ಸಿನ ಹಾಳೆಗಳು ಫ್ಯಾನಿನ ಗಾಳಿಗೆ ಹಾರಿಹೋಗದಂತೆ ನೋಡಿಕೊಳ್ಳುತ್ತಿದೆ. ಇವತ್ತು ಬೆಳಿಗ್ಗೆ ಹಾಳೆಗಳನ್ನು ಚೀಲಕ್ಕೆ ಹಾಕಿಕೊಳ್ಳಲು ಅದನ್ನು ಎತ್ತಿದಾಗ ಕಡ್ಡಿ ತಾನಾಗಿ ಜಾರಿ ಟಕ್ ಎಂದಿತು. ಅಷ್ಟಕ್ಕೇ ನನ್ನ ಮೂಗಿಗೆ ಹಸಿ ಅರಿಸಿನದ ವಾಸನೆ ಬಡಿಯಿತು. ಕಿವಿಗೆ ಬಿದ್ದದ್ದು ಮೂಗಿಗೆ ಹೇಗೆ ಹೋಯಿತು ಎಂದು ನೀವು ಕೇಳಬಹುದು. ನನ್ನ ನೆನಪಿನ ಮನೆಗೆ ವೈರಿಂಗ್ ಮಾಡಿದವನು ಕೆಲಸ ಸರಿಯಾಗಿ ಕಲಿತವನಲ್ಲ. ಅಡುಗೆಮನೆಯ ಸ್ವಿಚ್ಚು ಒತ್ತಿದರೆ ಹಿತ್ತಿಲ ದೀಪ ಹತ್ತುತ್ತದೆ.

ನಾಳೆ ನನಗೆ ಪರೀಕ್ಷೆ. ನಲವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿನಿಯಾಗಿದ್ದೇನೆ. ಚಾಮರಾಜನಗರದ ಒಂದು ಸಣ್ಣ ಆಸ್ಪತ್ರೆಯ ಮುಂಬಾಗಿಲಲ್ಲಿ, ಚೀಟಿ ಬರೆದುಕೊಡುವ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತವಳು ನಾನು. "ಡಿಸ್ಚಾರ್ಜ್ ಅಂತೀರಲ್ಲ ಮೇಡಂ, ಇವ್ರ್ನ ಮಡಿಕಂಡು ನೋಡ್ಕಳ ಜಾಗ ಎಲ್ಲಾರ ಅದಾ?" ಎಂದು ಯಾರಾದರೂ ಕೇಳದ ವಾರವಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಹಿರಿಯರ ಆರೈಕೆ ಕೇಂದ್ರಗಳನ್ನು ನಡೆಸುವುದು ಹೇಗೆಂದು ಕಲಿಸುವ ಡಿಪ್ಲೊಮಾವೊಂದಕ್ಕೆ ಸೇರಿದೆ. ಅಂಚೆಯಲ್ಲಿ ಪಾಠ, ಕೊನೆಯ ಕೆಲವು ತಿಂಗಳು ಯಾವುದಾದರೂ ಕೇಂದ್ರದಲ್ಲಿ ತರಬೇತಿ. ಅರ್ಜಿಯಲ್ಲಿ ಸೇವಾ ಮನೋಭಾವ ಎಂದು ಬರೆದಿದ್ದೆ. ಆ ಕುರ್ಚಿಯಿಂದ ಒಮ್ಮೆ ಏಳಬೇಕು ಅನ್ನಿಸಿತ್ತು ಎಂಬುದನ್ನು ಬರೆಯಲು ಜಾಗ ಬಿಟ್ಟಿರಲಿಲ್ಲ.

ಓದುವುದರಲ್ಲಿ ನನಗೊಂದು ಕಾಯಿಲೆಯಿದೆ. ಮನಸ್ಸಿನಲ್ಲೇ ಓದಲು ಬರುವುದಿಲ್ಲ. ಗಟ್ಟಿಯಾಗಿ ಓದಿದರೆ ಮಾತ್ರ ತಲೆಗೆ ಹೋಗುತ್ತದೆ. ಪಿಯುಸಿ ಓದುವ ಮಗಳು ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕೂರುತ್ತಾಳೆ. "ಅಮ್ಮಾ, ನಿನ್ನ ಪರೀಕ್ಷೆ ನಾನೇ ಬರೆದ್ಬಿಡ್ತೀನಿ. ನಂಗಾಗಲೇ ಬಾಯಿಪಾಠ ಆಗಿದೆ" ಎಂದಳು ಮೊನ್ನೆ. ಇದು ಹಾಸ್ಟೆಲಿನಿಂದ ಬಂದ ಕಾಯಿಲೆ. ಅಂಟಿಸಿದವರು ಜಮೀಲಾ ಮಿಸ್.

ನಮ್ಮ ಹಾಸ್ಟೆಲ್ ಗುಂಡ್ಲುಪೇಟೆಯಲ್ಲಿತ್ತು. ಅದಕ್ಕೂ ಮೊದಲು ಆ ಕಟ್ಟಡ ಅರಿಸಿನದ ಗೋದಾಮಾಗಿತ್ತಂತೆ. ಬೇಸಗೆಯಲ್ಲಿ ಗೋಡೆ ಬಿಸಿಯಾದರೆ ಸುಣ್ಣದ ಒಳಗಿನಿಂದ ಅರಿಸಿನದ ವಾಸನೆ ಹೊರಗೆ ಬರುತ್ತಿತ್ತು. ನಮ್ಮೂರು ಹಂಗಳದಿಂದ ತಗಡಿನ ಟ್ರಂಕು ಹೊತ್ತು ಎಂಟನೇ ಕ್ಲಾಸಿಗೆ ಬಂದ ನನಗೆ ಓದು ಎಂದರೆ ಇವತ್ತಿಗೂ ಅದೇ ವಾಸನೆ. ಜಮೀಲಾ ಮಿಸ್ ಅಲ್ಲಿ ವಾರ್ಡನ್. ಗುಂಡ್ಲುಪೇಟೆಯವರೇ. ತಂದೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಮನೆಯಲ್ಲಿ ಉರ್ದು, ನಮ್ಮ ಹತ್ತಿರ ನಮ್ಮದೇ ಕನ್ನಡ, ಸಿಟ್ಟು ಬಂದರೆ ಎರಡೂ. ಬೆಳಗಿನ ಜಾವ ಪಡಸಾಲೆಯ ನಡುವೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಕಣ್ಣು ಮುಚ್ಚಿ ಕೂರುವರು. ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡು ಯಾರಾದರೂ ಓದು ನಿಲ್ಲಿಸಿದರೆ ಮುಗಿಯಿತು. "ಮನಸ್ಸಲ್ಲಿ ಓದ್ತೀನಿ ಅನ್ನೋರೆಲ್ಲ ನಿದ್ದೆ ಮಾಡೋರು ಕಣಮ್ಮಿ. ಧ್ವನಿ ಬರ್ಲಿ" ಎನ್ನುವರು, ಕಣ್ಣು ತೆರೆಯದೆ.

ಸ್ನಾನದ ಮನೆ ಹಿತ್ತಿಲಿನಲ್ಲಿತ್ತು. ತಗಡಿನ ಬಾಗಿಲು, ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲಿಗೆ ಬೆನ್ನು ಹಾಕಿ ಕಾವಲು ಕೂರಬೇಕು, ಕೂತವಳು ಗಟ್ಟಿಯಾಗಿ ಪಾಠ ಓದಬೇಕು. ಓದು ನಿಂತರೆ ಒಳಗಿನವಳು ಸೋಪಿನ ಕಣ್ಣಲ್ಲೇ "ಇದ್ದೀಯೇನಮ್ಮಿ?" ಎಂದು ಕೂಗುವಳು. ಹೊರಗಿನವಳು "ಇದ್ದೀನಿ" ಎನ್ನುವಳು. ನನಗಿರುವ ಇತಿಹಾಸದ ಜ್ಞಾನವೆಲ್ಲ ಬೇರೆಯವರ ಸ್ನಾನದ ಫಲ. ತಲೆಸ್ನಾನವಾದರೆ ಒಂದು ರಾಜವಂಶ ಪೂರ್ತಿ ಮುಗಿಯುತ್ತಿತ್ತು.

ಇನ್ನು ಕೋಣೆಗಳ ಬಾಗಿಲು. ಈ ಭಾಗವನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ನನ್ನ ನೆನಪಿನ ಪ್ರಕಾರ ಒಂದು ಭಾನುವಾರ ಬಡಗಿಯೊಬ್ಬ ಬಂದ. ಮಿಸ್ ಪಕ್ಕದಲ್ಲಿ ನಿಂತು ಎಲ್ಲ ಕೋಣೆಗಳ ಒಳಚಿಲಕಗಳನ್ನು ಬಿಚ್ಚಿಸಿದರು. ಬಿಚ್ಚಿದ ಒಂದೊಂದೂ ಬಕೆಟ್ಟಿಗೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಅವರು ಯಾವ ಹೊತ್ತಿನಲ್ಲಿ ಬೇಕಾದರೂ ಬಾಗಿಲು ತಳ್ಳಿ ಒಳಗೆ ಬರುತ್ತಿದ್ದರು. ಕಾಗದ ಓದುತ್ತಿದ್ದವಳು, ಅಳುತ್ತಿದ್ದವಳು, ಬಟ್ಟೆ ಬದಲಾಯಿಸುತ್ತಿದ್ದವಳು ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು.

ಎಷ್ಟು ಚೆನ್ನಾಗಿ ಜೋಡಿಸಿಟ್ಟ ನೆನಪು, ನೋಡಿ. ಅದಕ್ಕೇ ನನಗೆ ಅನುಮಾನ. ಆ ಬಕೆಟ್ಟನ್ನು ಅಲ್ಲಿ ತಂದಿಟ್ಟವರು ಯಾರು? ಬಡಗಿಯೇ? ಅಥವಾ ಇಷ್ಟು ವರ್ಷಗಳಲ್ಲಿ ಯಾವಾಗಲೋ ನಾನೇ ಇಟ್ಟೆನೇ? ಬಾಗಿಲು ತಳ್ಳಿಕೊಂಡು ಬರುತ್ತಿದ್ದದ್ದು ನಿಜ. ಅಷ್ಟರ ಮೇಲೆ ಕೈಯಿಟ್ಟು ಹೇಳಬಲ್ಲೆ. ಮಿಕ್ಕದ್ದನ್ನು ಹಾಗೇ ಬಿಟ್ಟು ಮುಂದೆ ಹೋಗೋಣ.

ತರಬೇತಿಗೆಂದು ನನ್ನನ್ನು ಕಳಿಸಿದ ಆರೈಕೆ ಕೇಂದ್ರ ಚಾಮರಾಜನಗರದ ಹೊರಗೆ, ಗುಂಡ್ಲುಪೇಟೆ ರಸ್ತೆಯ ಮೇಲಿದೆ. ಮೊದಲ ದಿನ ಮ್ಯಾನೇಜರ ಜೊತೆ ಮಹಡಿ ಹತ್ತಿ, ಕೊನೆಯ ಕೋಣೆಯ ಬಾಗಿಲು ತಟ್ಟಿ ಒಳಗೆ ಹೋದರೆ ಕಿಟಕಿಯ ಪಕ್ಕ ಜಮೀಲಾ ಮಿಸ್. ಅದೇ ಶಾಲು. ಅದೇ ಶಾಲಾಗಿರಲು ಸಾಧ್ಯವಿಲ್ಲ, ಆದರೂ ಅದೇ ಶಾಲು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಹಂಗಳದವಳಲ್ವಾ ನೀನು? ಇಲ್ಲೇನು?"

"ಓದ್ತಾ ಇದ್ದೀನಿ ಮಿಸ್."

"ಇನ್ನೂ ಮುಗ್ದಿಲ್ವಾ?"

ಇಂಥ ಜಾಗಗಳನ್ನು ನಡೆಸುವುದು ಹೇಗೆಂದು ಕಲಿಯುತ್ತಿದ್ದೇನೆ ಎಂದೆ. ಅವರು ಮ್ಯಾನೇಜರ ಕಡೆ ತಿರುಗಿ, "ನೋಡಿದ್ರಾ, ವಾರ್ಡನ್ ಆಗಕ್ಕೂ ಪುಸ್ತಕ ಬಂದ್ಬುಟ್ಟದೆ. ನಾವು ಸುಮ್ನೆ ಬೈಕೊಂಡೇ ಆದ್ವಿ" ಎಂದರು.

ಅವರನ್ನು ಇಲ್ಲಿಗೆ ಯಾರೂ ತಂದು ಬಿಟ್ಟದ್ದಲ್ಲ. ತಮ್ಮನ ಮನೆಯವರು ಬೇಡ ಬೇಡವೆಂದರೂ ತಾವೇ ಬಂದವರು. ಬದುಕೆಲ್ಲ ಹಾಸ್ಟೆಲಿನಲ್ಲಿ ಕಳೆದವರಿಗೆ ಮನೆ ಎಂಬುದು ಒಗ್ಗಲಿಲ್ಲವಂತೆ. ಊಟಕ್ಕೆ ಗಂಟೆ ಹೊಡೆಯದ ಜಾಗದಲ್ಲಿ ಹಸಿವು ಆಗುವುದಿಲ್ಲ ಎಂದರು. ಆ ಕೋಣೆ ಅವರಿಗೆ ತುಂಬಾ ಇಷ್ಟ. ಕಿಟಕಿಯಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸುಗಳು ಕಾಣುತ್ತವೆ. ಹತ್ತಬೇಕು ಅಂತಲ್ಲ, ಹೋಗುತ್ತಿವೆ ಅಂತ ಗೊತ್ತಿದ್ದರೆ ಸಾಕು.

ಆ ಕೋಣೆಯೇ ಈಗ ಕೈತಪ್ಪುವುದರಲ್ಲಿತ್ತು. ಮಿಸ್ ಸ್ನಾನ ನಿಲ್ಲಿಸಿದ್ದರು. ಅದನ್ನು ನನಗೆ ಹೇಳಿದವಳು ಆಯಾ ಶಿವಮ್ಮ, ಚಂದಕವಾಡಿಯವಳು. "ಒದ್ದೆ ಬಟ್ಟೇಲಿ ವರಸ್ಕಂಡು ಆಯ್ತು ಅಂತಾರ ಕಣಕ್ಕ. ನಾನು ಕಣ್ ಮುಚ್ಕಂಡು ನೀರು ಉಯ್ತೀನಿ ಬನ್ನಿ ಅಂದ್ರ, ಕಣ್ ಮುಚ್ಕಂಡು ಉಯ್ದ್ರ ನೀರು ಗ್ವಾಡೆಗ್ ಓಯ್ತದ ಅಂತಾರ. ಏನ್ ಮಾಡನ ಏಳು." ತಾವಾಗಿ ಸ್ನಾನ ಮಾಡಲಾಗದವರನ್ನು ಕೆಳಗಿನ ವಾರ್ಡಿಗೆ ಇಳಿಸುವುದು ಅಲ್ಲಿಯ ನಿಯಮ. ಅಲ್ಲಿ ಸಾಲು ಮಂಚ, ಆಯಾಗಳೇ ಸ್ನಾನ ಮಾಡಿಸುತ್ತಾರೆ, ಕಿಟಕಿಯಾಚೆ ಕಾಂಪೌಂಡು. ಈ ತಿಂಗಳು ನೋಡೋಣ ಎಂದಿದ್ದರು ಮ್ಯಾನೇಜರು.

ನಾನು ಮಿಸ್ಸನ್ನೇ ಕೇಳಿದೆ. ಬಸ್ಸಿನ ಕಡೆ ತಿರುಗಿಕೊಂಡು ಹೇಳಿದರು:

"ಬಚ್ಚಲ ಬಾಗಿಲಿಗೆ ಒಳಚಿಲಕ ಇಲ್ಲ."

"ಯಾರೂ ಬರಲ್ಲ ಮಿಸ್. ಮ್ಯಾನೇಜರು ಎಲ್ಲಾರಿಗೂ ಹೇಳಿದ್ದಾರೆ."

"ನಾನೇ ಎಷ್ಟು ಬಾಗಿಲು ತಳ್ಳಿದ್ದೀನಿ ಕಣಮ್ಮಿ. ತಳ್ಳೋರು ಹೇಗ್ ಬರ್ತಾರೆ ಅಂತ ನಂಗೊತ್ತು. ಬೆನ್ನಿಗೆ ಸೋಪು ಹಚ್ಕೊಂಡ್ ಕೂತ್ರೆ ಬಾಗ್ಲೇ ನೋಡ್ತಾ ಇರ್ತೀನಿ. ಆಮೇಲೆ ತಲೆ ಸುತ್ತತ್ತೆ."

ಆಗ ನನ್ನ ಬಾಯಿಂದ ಬಂದೇಬಿಟ್ಟಿತು: "ಹಾಸ್ಟೆಲಲ್ಲಿ ನೀವೇ ಅಲ್ವಾ ಮಿಸ್, ಚಿಲಕ ಎಲ್ಲಾ ತೆಗೆಸಿದ್ದು?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಯಾವ ಚಿಲಕ? ಅಲ್ಲಿ ಒಳಚಿಲಕ ಎಲ್ಲಿತ್ತು? ಅದು ಗೋಡೌನು. ಅರಿಸಿನಕ್ಕೆ ಯಾಕಮ್ಮಿ ಒಳಚಿಲಕ?"

ಆ ರಾತ್ರಿ ಹಾಸ್ಟೆಲಿನ ಗೆಳತಿ ರುಕ್ಮಿಣಿಗೆ ಫೋನು ಮಾಡಿದೆ. ಚಿಲಕ ಕೊನೆಯ ದಿನದವರೆಗೂ ಇತ್ತು, ನೀನೇ ಒಂದು ದಿನ ಹಾಕಿಕೊಂಡು ಎಷ್ಟು ಬಡಿದರೂ ತೆಗೆಯಲಿಲ್ಲ ಎಂದಳು. ಒಟ್ಟಿನಲ್ಲಿ ಒಂದು ಬಾಗಿಲಿಗೆ ಮೂರು ನೆನಪು. ಯಾವುದಕ್ಕೂ ಸ್ಕ್ರೂ ಇಲ್ಲ.

ಮಾರನೆಯ ದಿನ ಪೇಟೆಯಲ್ಲಿ ಒಂದು ಚಿಲಕ ಕೊಂಡು ಮ್ಯಾನೇಜರ ಮುಂದೆ ಇಟ್ಟೆ. ನನ್ನ ನೋಟ್ಸಿನಲ್ಲಿ ಖಾಸಗಿತನದ ಬಗ್ಗೆ ಒಂದು ಅಧ್ಯಾಯವೇ ಇದೆ. ಅದರಿಂದ ನಾಲ್ಕು ಮಾತು ಒಪ್ಪಿಸಿಯೇಬಿಟ್ಟೆ. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

"ಮೇಡಂ, ನೀವು ಇದನ್ನ ಓದಿದ್ದೀರಿ. ನಾನು ಬಾಗಿಲು ಒಡೆದಿದ್ದೀನಿ" ಎಂದರು ಮೆಲ್ಲಗೆ. ಹಿಂದೆ ಅವರು ಕೆಲಸ ಮಾಡಿದ್ದ ಕಡೆ ಬಚ್ಚಲಲ್ಲಿ ಬಿದ್ದ ಅಜ್ಜರೊಬ್ಬರು ಒಳಗಿನಿಂದ ಕೂಗುತ್ತಿದ್ದರಂತೆ. ಬಾಗಿಲು ಗಟ್ಟಿ ಮರದ್ದಂತೆ. ಚಿಲಕವನ್ನು ಎತ್ತಿಕೊಂಡು ಬಂದೆ.

ಮುಂದೆ ಆದದ್ದರಲ್ಲಿ ನನ್ನ ಜಾಣತನವೇನೂ ಇಲ್ಲ. ನೋಟ್ಸಿನ ಯಾವ ಅಧ್ಯಾಯದಿಂದಲೂ ಅದು ಬರಲಿಲ್ಲ. ಸೋತ ಮುಖ ಮಾಡಿಕೊಂಡು ಮಿಸ್ಸಿನ ಕೋಣೆಗೆ ಹೋದೆ. ಅವರು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳಲು ಬಚ್ಚಲಿಗೆ ಹೋಗಿದ್ದರು. ಕಾಯಬೇಕಲ್ಲ ಎಂದು ಬಚ್ಚಲ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು, ಪರೀಕ್ಷೆ ಹತ್ತಿರ ಬಂತು ಎಂಬ ಭಯಕ್ಕೆ ಹಾಳೆ ತೆಗೆದೆ. ನನ್ನ ಕಾಯಿಲೆ ನಿಮಗೆ ಗೊತ್ತೇ ಇದೆ. ಅಡುಗೆಮನೆಯ ಸ್ವಚ್ಛತೆಯ ಬಗ್ಗೆ ಜೋರಾಗಿ ಓದತೊಡಗಿದೆ. ಒಳಗೆ ಬಕೆಟ್ಟು ಎಳೆದ ಸದ್ದಾಯಿತು. ನಲ್ಲಿ ತಿರುಗಿತು. ಆಮೇಲೆ ಒಂದು ಚೊಂಬು ನೀರು ದಬದಬನೆ ಸುರಿಯಿತು. ನಾನು ಬೆರಗಾಗಿ ಓದು ನಿಲ್ಲಿಸಿದೆ. ನೀರೂ ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಪುಟ ತಿರುಗಿಸ್ತಾ ಇದ್ದೆ ಮಿಸ್."

"ತಿರುಗಿಸ್ತಾನೂ ಓದು."

ಆ ದಿನದಿಂದ ಮಿಸ್ ಸ್ನಾನ ಮಾಡುತ್ತಾರೆ, ನಾನು ಓದುತ್ತೇನೆ. ನಡುನಡುವೆ ಒಳಗಿನಿಂದ ಪ್ರಶ್ನೆ ಬರುತ್ತದೆ. ಸುರಕ್ಷತೆ ಮತ್ತು ಖಾಸಗಿತನದ ನಡುವೆ ಸಮತೋಲನ ಸಾಧಿಸಬೇಕು ಎಂಬಂಥದ್ದೇನನ್ನೋ ಓದಿದಾಗ, "ಅಂದ್ರೆ ಏನು?" ಎಂದರು. ಸರಿಯಾಗಿ ಗೊತ್ತಿಲ್ಲ ಎಂದೆ. "ಹಂಗಾದ್ರೆ ಇನ್ನೊಂದ್ ಸಲ ಓದು. ನಾನು ಇನ್ನೂ ಕಾಲು ತೊಳ್ದಿಲ್ಲ." ಒಂದು ದಿನ ಮಹಡಿ ಹತ್ತಿ ಬಂದ ಮ್ಯಾನೇಜರು ಸ್ಟೂಲಿನ ಮೇಲಿದ್ದ ನನ್ನನ್ನು, ಬಾಗಿಲಡಿಯಿಂದ ಬರುತ್ತಿದ್ದ ಹಬೆಯನ್ನು ನೋಡಿ ಹಾಗೇ ಇಳಿದುಹೋದರು. ಕೆಳಗಿನ ವಾರ್ಡಿನ ಮಾತು ಆಮೇಲೆ ಬರಲಿಲ್ಲ.

ಆದರೆ ಇವತ್ತು ತರಬೇತಿಯ ಕೊನೆಯ ದಿನ. ನಾಳೆ ಪರೀಕ್ಷೆ ಮುಗಿದರೆ ನಾನು ಮತ್ತೆ ಆಸ್ಪತ್ರೆಯ ಕುರ್ಚಿಗೆ. ಸ್ಟೂಲಿನ ಮೇಲೆ ಕೂರಲು ಶಿವಮ್ಮ ತಯಾರಿದ್ದಾಳೆ, ಅವಳಿಗೆ ಓದಲು ಬರುವುದಿಲ್ಲ. ಬೆಳಿಗ್ಗೆ ಚಿಲಕ ಟಕ್ ಎಂದಾಗ ನನ್ನ ತಲೆಯಲ್ಲಿದ್ದದ್ದು ಇದೇ. ಇಲ್ಲಿಯವರೆಗೆ ನಿಮಗೆ ಹೇಳದೆ ಅರಿಸಿನದ ಕಡೆ ಕರೆದುಕೊಂಡು ಹೋದೆ.

ಬಸ್ಸಿನಲ್ಲೆಲ್ಲ ಅದನ್ನೇ ಯೋಚಿಸುತ್ತಾ ಹೋದೆ. ಮಿಸ್ ಟವೆಲು ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು.

"ಇವತ್ತು ನೀನು ಓದ್ಬೇಡ" ಎಂದರು. "ಮನಸ್ಸಲ್ಲೇ ಓದ್ಕೊ. ನಾಳೆ ಪರೀಕ್ಷೇಲಿ ಗಟ್ಟಿಯಾಗಿ ಓದಿದ್ರೆ ಎಬ್ಬಿಸಿ ಕಳಿಸ್ತಾರೆ. ಸದ್ದು ನಾನ್ ಮಾಡ್ತೀನಿ."

"ಏನ್ ಸದ್ದು ಮಿಸ್?"

"ಹಾಜರಿ ಕೂಗ್ತೀನಿ. ಹೊರಗಿರೋರು ಇದ್ದೀನಿ ಅಂದ್ರೆ ಸಾಕು. ಶಿವಮ್ಮಂಗೆ ಅಷ್ಟು ಬರತ್ತೆ." ಬಾಗಿಲು ಮುಂದೆ ಮಾಡಿಕೊಂಡರು.

ಸ್ಟೂಲಿನಲ್ಲಿ ಕೂತೆ. ಒಳಗಿನಿಂದ ಪಡಸಾಲೆಯ ಅದೇ ಧ್ವನಿ, ಸ್ವಲ್ಪ ಒಡೆದಿತ್ತು, ಬಚ್ಚಲ ಗೋಡೆಗಳಿಂದಾಗಿ ಸ್ವಲ್ಪ ದೊಡ್ಡದೂ ಆಗಿತ್ತು. "ಮಂಜುಳ." "ಇದ್ದೀನಿ ಮಿಸ್" ಎಂದೆ. ಒಂದು ಚೊಂಬು ನೀರು. "ಸಲ್ಮಾ." ಇದ್ದೀನಿ. ಇನ್ನೊಂದು ಚೊಂಬು. "ಪುಟ್ಟತಾಯಿ." "ರುಕ್ಮಿಣಿ." ಯಾವ ಯಾವ ವರ್ಷದ ಹುಡುಗಿಯರೋ ಒಟ್ಟಿಗೆ ಬರುತ್ತಿದ್ದರು. ರುಕ್ಮಿಣಿ ಒಬ್ಬಳನ್ನು ಬಿಟ್ಟರೆ ಯಾರೂ ನನಗೆ ಗೊತ್ತಿಲ್ಲ. ಎಲ್ಲರ ಪರವಾಗಿಯೂ ನಾನೇ ಇದ್ದೆ. ಹಾಗೆ ಇದ್ದೀನಿ, ಇದ್ದೀನಿ ಎನ್ನುತ್ತಲೇ ಕಣ್ಣು ಹಾಳೆಯ ಮೇಲೆ ಓಡಿತು. ಒಂದು ಸಾಲು ತುಟಿ ಅಲ್ಲಾಡದೆ ಒಳಗೆ ಹೋಯಿತು. ಇನ್ನೊಂದು ಹೋಯಿತು. ನಲವತ್ತು ದಾಟಿದ ಮೇಲೆ ನಾನು ಮನಸ್ಸಿನಲ್ಲಿ ಓದುತ್ತಿದ್ದೆ.

ಎಷ್ಟು ಹೊತ್ತಾಯಿತೋ. ತಲೆಯೆತ್ತಿದಾಗ ನೀರಿನ ಸದ್ದು ಇರಲಿಲ್ಲ. ಹೆಸರೂ ಇರಲಿಲ್ಲ. ಹಾಳೆಗಳು ಕೆಳಗೆ ಬಿದ್ದವು. ಎದ್ದು ಬಾಗಿಲ ಮೇಲೆ ಕೈಯಿಟ್ಟೆ. ತಳ್ಳಿದರೆ ತೆರೆಯುವ ಬಾಗಿಲು. ಅದಕ್ಕೆಂದೇ ಹಾಗೆ ಬಿಟ್ಟ ಬಾಗಿಲು. ಕೈಗೆ ಮರದ ಬಿಸಿ ತಾಗಿತು. ತಳ್ಳಲಿಲ್ಲ. ಕಿವಿಯಿಟ್ಟೆ.

ಒಳಗೆ ಯಾರೋ ಗಂಟಲು ಸರಿಮಾಡಿಕೊಂಡರು. ನನ್ನ ಹೆಸರು ಬಂತು, ಇನಿಷಿಯಲ್ ಸಮೇತ. ಅದು ಮೊದಲ ಸಲದ ಕೂಗಲ್ಲವೆಂದು ಧ್ವನಿಯಲ್ಲೇ ಗೊತ್ತಾಯಿತು; ಹಿಂದಿನದು ಓದಿನಲ್ಲಿ ನನಗೆ ಕೇಳಿಸಿರಲಿಲ್ಲ.

"ಏನಮ್ಮಿ, ಆಬ್ಸೆಂಟಾ?"

"ಇದ್ದೀನಿ ಮಿಸ್."

ನೀರು ಸುರಿಯಿತು.