ಗಡಿಯೂರಿನಲ್ಲಿ ಕಾಕು

ಕಾಕು ಅವರ ಕೈಗಳು ಸದಾ ತಣ್ಣಗಿರುತ್ತಿದ್ದವು. ಉಗುರುಗಳನ್ನು ಒತ್ತಿ ಕತ್ತರಿಸಿ, ತೊಳೆದೂ ತೊಳೆದೂ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಧಾರವಾಡದಿಂದ ಬ್ರಿಟನ್ನಿಗೆ ಬಂದು, ಈ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಜೀವಮಾನವೆಲ್ಲ ಹೆರಿಗೆ ಮಾಡಿಸಿದ ಡಾಕ್ಟರ ಕೈಗಳು ಅವು. ನಾವು ಗಂಡ ಹೆಂಡತಿ ವಿಜಯಪುರದಿಂದ ಹೊಸದಾಗಿ ಬಂದಾಗ ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಕಾಕು ಆಗಲೇ ನಿವೃತ್ತರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಚಿಕ್ಕಮ್ಮನನ್ನು ಕರೆಯುವಂತೆ ನಾವು ಅವರನ್ನು ಕಾಕು ಎನ್ನುತ್ತಿದ್ದೆವು.

ಅವರಷ್ಟು ಅಂಜುವ ಹೆಂಗಸನ್ನು ನಾನು ಕಂಡಿಲ್ಲ. ಈ ದೇಶದ ಪಾಸ್‌ಪೋರ್ಟ್ ಬಂದು ಎಷ್ಟೋ ವರ್ಷವಾಗಿದ್ದರೂ ತರಕಾರಿಗೆ ಹೋಗುವಾಗಲೂ ಅದು ಪರ್ಸಿನಲ್ಲಿರಬೇಕು. ಕೌನ್ಸಿಲ್‌ನಿಂದ ಕಸದ ಡಬ್ಬಿಯ ಬಗ್ಗೆ ಕಾಗದ ಬಂದರೂ ಒಂದು ಲೋಟ ನೀರು ಕುಡಿದೇ ಒಡೆಯುತ್ತಿದ್ದರು. “ಯಾರು ಯಾವಾಗ ಏನ ಕೇಳ್ತಾರೋ ಹೇಳಲಿಕ್ಕೆ ಬರೂದಿಲ್ಲ, ತಂಗಿ” ಎನ್ನುವರು.

ನಾನು ಏಳು ತಿಂಗಳ ಬಸುರಿಯಾಗಿದ್ದಾಗ ಅವರಿಗೆ ತಾವು ಮೊದಲು ಕೆಲಸ ಮಾಡಿದ ಊರನ್ನು ಇನ್ನೊಮ್ಮೆ ನೋಡುವ ಆಸೆಯಾಯಿತು. ಐರ್ಲೆಂಡಿನ ಗಡಿಯ ಹಳೆಯ ಊರು. ನಡುವೆ ಹೊಳೆ, ಈಚೆ ದಂಡೆ ಬ್ರಿಟನ್ನಿನದು, ಆಚೆ ದಂಡೆ ಇನ್ನೊಂದು ದೇಶದ್ದು. ಒಬ್ಬರೇ ಹೋಗಲು ಅವರಿಗೆ ಧೈರ್ಯವಿಲ್ಲ. ನಮ್ಮ ವೀಸಾ ಮುಂದುವರಿಸುವ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಆಚೆಯ ದೇಶಕ್ಕೆ ನಮಗೆ ವೀಸಾ ಇರಲಿಲ್ಲ, ಅಲ್ಲಿ ಸಿಕ್ಕಿಬಿದ್ದರೆ ಈ ಅರ್ಜಿಗೂ ಕುತ್ತು ಎಂಬ ಅಂಜಿಕೆ. “ಏನರ ಆಗಲಿ, ಬ್ರಿಜ್ ಮಾತ್ರ ದಾಟಬ್ಯಾಡ” ಎಂದು ನನ್ನ ಗಂಡ ಹೇಳಿ ಕಳಿಸಿದ್ದ.

ಮೊದಲ ದಿನ ಸೇತುವೆಯ ಈ ತುದಿಯಲ್ಲೇ ನಿಂತೆವು. ಗೇಟಿಲ್ಲ, ಕಾವಲಿಲ್ಲ, ಶಾಲೆಯ ಮಕ್ಕಳು ಚಿಪ್ಸ್ ತಿನ್ನುತ್ತ ಆಚೆ ಈಚೆ ಓಡಾಡುತ್ತಿದ್ದರು. “ಆವಾಗ ಇಲ್ಲೆ ಸೋಲ್ಜರ್ಸ್ ಬಂದೂಕ ಹಿಡಕೊಂಡ ನಿಂತಿರತಿದ್ರು. ಪ್ರತಿ ಸಲ ಕಾರಿನಿಂದ ಇಳಿಸೋರು. ಡಾಕ್ಟರ್ ಅಂದ್ರೂ ನಂಬತಿರಲಿಲ್ಲ” ಎಂದರು ಕಾಕು, ಐರ್ಲೆಂಡಿನ ಗಲಭೆಯ ಕಾಲ ನೆನೆದು. ಅವರ ಅಂಜಿಕೆ ಎಲ್ಲಿಂದ ಬಂತೆಂದು ನನಗೆ ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಹೊಟ್ಟೆಯಲ್ಲಿ ಕೂಸು ಅಲುಗಲಿಲ್ಲ. ತಿಂಡಿ ತಿಂದೆ, ತಣ್ಣೀರು ಕುಡಿದೆ, ಎಡಮಗ್ಗುಲಾಗಿ ಮಲಗಿದೆ. ಕಾಕು ಹೊಟ್ಟೆಗೆ ಕಿವಿಯಿಟ್ಟು ಬಹಳ ಹೊತ್ತು ಕೂತರು. ಎದ್ದವರೇ ಕೋಟು ಹಾಕಿಕೊಂಡರು. ಈಚೆಯ ದೊಡ್ಡಾಸ್ಪತ್ರೆ ಬಹಳ ದೂರ. ಸೇತುವೆಯಾಚೆ ಒಂದು ಕ್ಲಿನಿಕ್ಕಿದೆ ಎಂದು ನಾವಿಳಿದಿದ್ದ ಮನೆಯಾಕೆ ಹೇಳಿದಳು.

“ಬ್ಯಾಡ್ರಿ ಕಾಕು. ವೀಸಾ ಹೋದ್ರ?”

“ಯಾರರ ಕೇಳಿದ್ರ ನಾನೇ ಕರಕೊಂಡ ಬಂದೆ ಅಂತೀನಿ. ನಡಿ.”

ಸೇತುವೆಯುದ್ದಕ್ಕೂ ಅವರು ನನ್ನ ಮುಂಗೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಪಾಸ್‌ಪೋರ್ಟಿದ್ದ ಪರ್ಸನ್ನು ಎದೆಗವಚಿಕೊಂಡಿದ್ದರು. ಎದುರಿನಿಂದ ಪೊಲೀಸ್ ಕಾರೊಂದು ಬಂತು. ಕಾಕು ನೇರ ನೋಡುತ್ತ ನಡೆದೇ ನಡೆದರು. ಕಾರು ನಮ್ಮನ್ನು ದಾಟಿ ಹೋಯಿತು.

ಕ್ಲಿನಿಕ್ಕಿನ ನರ್ಸು ಹೆಸರು, ತಿಂಗಳು ಇಷ್ಟೇ ಕೇಳಿದಳು. ಹೊಟ್ಟೆಯ ಮೇಲೆ ಯಂತ್ರ ಇಟ್ಟಳು. ಬರೀ ಗೊರಗೊರ ಸದ್ದು. ಸರಿಸಿದಳು, ಮತ್ತೆ ಸರಿಸಿದಳು. ಆಮೇಲೆ ಕೂಸಿನ ಎದೆಬಡಿತ ಟಪಟಪನೆ ಕೋಣೆಯೆಲ್ಲ ಕೇಳಿಸಿತು. ಕಾಕು ಗೋಡೆ ಹಿಡಿದು ನಿಂತಿದ್ದವರು ಕುರ್ಚಿಯಲ್ಲಿ ಕುಸಿದು, ಇಷ್ಟು ಹೊತ್ತು ತಡೆದಿದ್ದ ಅಳುವನ್ನೆಲ್ಲ ಅತ್ತರು.

ಲಂಡನ್ನಿಗೆ ಮರಳಿದ ಮೇಲೂ ವಾರಗಟ್ಟಲೆ ಬಾಗಿಲ ಬೆಲ್ಲಾದರೆ ಕಾಕು, ನಾನು ಇಬ್ಬರೂ ಮೊದಲು ಪರದೆ ಸರಿಸಿ ನೋಡುತ್ತಿದ್ದೆವು. ವಿಚಾರಿಸಲು ಯಾರೂ ಬರಲಿಲ್ಲ. ವೀಸಾ ಸಿಕ್ಕಿತು. ಮಗಳು ಹುಟ್ಟಿದಾಗ ಕಾಕು ನನ್ನ ತಲೆಯ ಬಳಿ ನಿಂತಿದ್ದರು.

ಹೋದ ಚಳಿಗಾಲದಲ್ಲಿ ಅವರು ಆಸ್ಪತ್ರೆ ಸೇರಿದರು. ನಾನು ಅವರಿಗೆ ಏನಾಗಬೇಕೆಂದು ವಾರ್ಡಿನ ನರ್ಸು ಕೇಳಿದಳು. ಕಣ್ಣು ಮುಚ್ಚಿ ಮಲಗಿದ್ದ ಕಾಕು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, “ನನ್ನ ಮಗಳು” ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು.

ಅವರು ಹೋದ ದಿನ ವಿಜಯಪುರಕ್ಕೆ ಫೋನ್ ಮಾಡಿ, ಸುದ್ದಿ ತಿಳಿಸಿ, ಮದುವೆಯಾದ ಮಗಳು ತಾಯಿಗೆ ಎಷ್ಟು ದಿನ ಸೂತಕ ಹಿಡಿಯಬೇಕೆಂದು ನನ್ನ ಅವ್ವನನ್ನೇ ಕೇಳಿದೆ. ಅವ್ವ, “ಮೂರು ದಿನ ಹಿಡಿ” ಎಂದಳು.