ಕೆಂಪು ಬೆಳಕು, ಬರೀ ಗಂಜಿ

ಕರ್ಜಗಿಯಿಂದ ಹಾವೇರಿಯ ನನ್ನ ಮನೆಗೆ ಬಂದ ಅವ್ವ, ನನ್ನ ತಮ್ಮನ ಬೈಕಿನಿಂದ ತಪ್ಪು ಮಗ್ಗುಲಿಗೆ ಇಳಿದು ಸೈಲೆನ್ಸರಿಗೆ ಕಾಲು ಸುಟ್ಟುಕೊಂಡಳು. ಅಂಗೈಯಗಲದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆಯೂ ಇರಲಿಲ್ಲ. ಹೀಗೇ ಇದ್ದರೆ ತೊಡೆಯ ಚರ್ಮ ತೆಗೆದು ಅಲ್ಲಿಗೆ ಹಚ್ಚಬೇಕಾದೀತು ಎಂದರು ಡಾಕ್ಟರು. ಅವತ್ತಿನಿಂದ ಅವ್ವ ಆಗಾಗ ಸೀರೆಯ ಮೇಲೆಯೇ ತೊಡೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಪಥ್ಯದ ಅಧಿಕಾರ ನನ್ನದು. ಗಾಯವಾದವರು ಬೇಳೆ, ಶೇಂಗಾ, ಬದನೆಕಾಯಿ ತಿಂದರೆ ನಂಜೇರಿ ಕೀವಾಗುತ್ತದೆ ಎಂದು ನಮ್ಮ ಕಡೆ ಕೊಡುವುದಿಲ್ಲ. ನಾನು ಒಂದು ಹೆಜ್ಜೆ ಮುಂದೆ ಹೋಗಿ ಹಾಲು, ಮೊಸರನ್ನೂ ನಿಲ್ಲಿಸಿದೆ. ಮೂರು ಹೊತ್ತೂ ಗಂಜಿ. ಬಿಎಸ್ಸಿ ಓದಿದವಳು ನಾನು. ಆ ಓದು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಶೇಂಗಾ ಹುರಿಯುವಾಗ ಅವ್ವ ಎದ್ದು ಒಳಗೆ ಹೋಗಿ ಮಲಗುತ್ತಿದ್ದಳು. ಸುಸ್ತಿರಬೇಕು ಅಂದುಕೊಳ್ಳುತ್ತಿದ್ದೆ.

ರಾಣೆಬೆನ್ನೂರಿನ ಒಂದು ಚಿಕ್ಕ ದವಾಖಾನೆಯಲ್ಲಿ ಬೆಳಕು ಹಾಯಿಸಿ ಗಾಯ ಮಾಯಿಸುತ್ತಾರೆಂದು ಯಾರೋ ಹೇಳಿದರು. ದಿನ ಬಿಟ್ಟು ದಿನ ಬಸ್ಸು ಹತ್ತಿದೆವು. ಅಲ್ಲಿನ ಡಾಕ್ಟರಮ್ಮ ಅವ್ವನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಪೆನ್ನಿನಂಥದೊಂದು ಸಾಧನದಿಂದ ಗಾಯದ ಅಂಚಿಗೆ ಕೆಂಪು ಬೆಳಕು ಹಿಡಿಯುತ್ತಿದ್ದರು.

"ಬಿಸಿನೂ ಇಲ್ಲ, ಉರಿನೂ ಇಲ್ಲ. ಇದೇನ್ ಮಾಡತೈತಿ?" ಎಂದಳು ಅವ್ವ ಮೊದಲ ದಿನ.

ಮೂರು ವಾರ ಕಳೆದರೂ ಗಾಯ ಇದ್ದ ಹಾಗೇ ಇತ್ತು. ಒಂದು ದಿನ ಡಾಕ್ಟರಮ್ಮ ಬೆಳಕು ಆರಿಸಿ, ಅವ್ವನ ತೋಳಿನ ಚರ್ಮ ಎಳೆದು ನೋಡಿದರು.

"ಅಮ್ಮಾರ, ಊಟ ಏನ್ ಮಾಡ್ತೀರಿ?"

"ಬರೇ ಗಂಜಿರಿ. ನನ್ನ ಮಗಳು ಪಥ್ಯದಾಗ ಬಾಳ ಕಟ್ಟುನಿಟ್ಟರಿ," ಎಂದಳು ಅವ್ವ, ಹೆಮ್ಮೆಯಿಂದ.

ಅವರು ನನ್ನ ಕಡೆ ತಿರುಗಿದರು. "ಬೆಳಕು ಮನಿ ಕಟ್ಟೋ ಗೌಂಡಿ ಇದ್ದಂಗರಿ. ನೀವು ಇಟ್ಟಂಗಿನ ಕೊಡಲಿಲ್ಲಂದ್ರ ಅವ ಗ್ವಾಡಿ ಹೆಂಗ ಕಟ್ಟಬೇಕು? ಬ್ಯಾಳಿ, ಹಾಲು, ಶೇಂಗಾ ಇವತ್ತಿನಿಂದನ ಚಾಲೂ ಮಾಡ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ನಾಚಿಕೆಯಾದದ್ದು ವಾಪಸ್ ಬರುವ ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ.

ಅವತ್ತು ಸಂಜೆ ರೊಟ್ಟಿ, ಬೇಳೆ ಪಲ್ಯ, ಶೇಂಗಾ ಚಟ್ನಿ ಬಡಿಸಿದೆ. ಅವ್ವ ಎಲ್ಲವನ್ನೂ ಉಂಡಳು. ಕೊನೆಗೆ ತಾಟನ್ನು ಬೆರಳಿನಿಂದ ಬಳಿದಳು. ನನಗೆ ನೋಡಲಾಗಲಿಲ್ಲ.

ಬೆಳಕನ್ನು ನಿಲ್ಲಿಸಲಿಲ್ಲ. ಕೆಲವು ವಾರಗಳಲ್ಲಿ ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿತು, ಆಮೇಲೆ ನಿಧಾನವಾಗಿ ಮುಚ್ಚಿಕೊಂಡಿತು. ತೊಡೆಗೆ ಕತ್ತಿ ತಾಗಲಿಲ್ಲ.

ನೋಡಲು ಬಂದ ಓಣಿಯ ಹೆಂಗಸರಿಗೆಲ್ಲ ಅವ್ವನದು ಒಂದೇ ಮಾತು: "ರಾಣೆಬೆನ್ನೂರಿನ ಕೆಂಪು ಬೆಳಕಿನಿಂದ ಮಾಯಿತು ನೋಡವಾ." ಊಟದ ಸುದ್ದಿಯೇ ಇಲ್ಲ. ಕೇಳಿ ಕೇಳಿ ನನಗೆ ರೇಗಿತು. ಒಂದು ದಿನ ಅವರು ಹೋದ ಮೇಲೆ ಅಂದೇಬಿಟ್ಟೆ:

"ಯವ್ವಾ, ಬರೇ ಬೆಳಕಿನಿಂದ ಅಲ್ಲ. ನಾ ನಿನ್ನ ಉಪವಾಸ ಕೆಡವಿದ್ದೆ. ಅದನ್ನೂ ಹೇಳು."

"ನನಗ ಗೊತ್ತಿಲ್ಲೇನು?" ಎಂದಳು ಅವ್ವ, ಕಾಲಿಗೆ ಎಣ್ಣೆ ಸವರಿಕೊಳ್ಳುತ್ತ. "ಮಗಳು ಹೊಟ್ಟಿಗೆ ಹಾಕಲಿಲ್ಲ ಅಂತ ಓಣಿಗೆಲ್ಲ ಹೇಳ್ಲೇನು?"